ಮೋತಿ ಬೆಲ್ಲ ಮುಟ್ಟಲಿಲ್ಲ

ಮೂರ್ತಿಗೆ ಹೊಗೆಸೊಪ್ಪಿನ ಲೈಸೆನ್ಸ್ ಇರಲಿಲ್ಲ. ಇದ್ದಿದ್ದರೆ ಈಗ ನಾನು ಈ ಕುದುರೆಯ ಮೇಲೆ ಇರುತ್ತಿರಲಿಲ್ಲ, ಎರಡು ಬಿಳಿ ಕಿವಿಗಳ ಸಂದಿಯಲ್ಲಿ ಲಕ್ಷ್ಮಣತೀರ್ಥದ ದಂಡೆ ಹೀಗೆ ಏರಿ ಇಳಿಯುತ್ತಿರಲಿಲ್ಲ, ಒಂದು ಕಿವಿ ಮುಂದೆ, ಒಂದು ಹಿಂದೆ, ಹಿಂದಕ್ಕೆ ತಿರುಗಿದ್ದು ನಿನ್ನ ಮೇಲೆ ನಿಗಾ ಇಟ್ಟೈತೆ ಅಂದಿದ್ದರು ಸಲೀಂ ಸಾಬರು, ಇಡಲಿ, ನಾನೂ ಅದರ ಮೇಲೆ ಇಟ್ಟಿದ್ದೇನೆ — ಮಂಡಿ ಬಿಗೀಬೇಡ ಕಣಪ್ಪ, ಸೊಂಟ ಸಡ್ಲ ಬುಡು, ನೀನೇನು ಹರಾಜಿಗೆ ಹೊಂಟಿರೋ ಸೊಪ್ಪಿನ ಮೂಟೆನಾ — ಹಗ್ಗದ ಆ ತುದಿಯಲ್ಲಿ ನಿಂತು ಸಾಬರು ಕೂಗುತ್ತಾರೆ, ಈ ತುದಿ ಮೋತಿಯ ಮುಖದ ಪಟ್ಟಿಗೆ ಕಟ್ಟಿದೆ, ಮಾತುಕತೆಯೆಲ್ಲ ಅವರಿಬ್ಬರದ್ದೇ, ನಡುವೆ ನನಗೆ ಕೆಲಸವೇ ಇಲ್ಲ, ಲಗಾಮು ಸುಮ್ಮನೆ ಕೈಯಲ್ಲಿದೆ, ಮಗುವಿನ ಕೈಗೆ ಕೊಟ್ಟ ಆಟಿಕೆ ಥರ. ಈ ಬಯಲು ಸಾಬರ ಹಿತ್ತಲಿಗೆ ಅಂಟಿಕೊಂಡಿದೆ, ಹಿತ್ತಲಿನಾಚೆ ಗಲ್ಲಿ, ಗಲ್ಲಿಯಾಚೆ ಮಡಿಕೇರಿ ರಸ್ತೆ, ಬಸ್ಸಿನ ಹಾರ್ನು ಕೇಳಿದಾಗೆಲ್ಲ ನನ್ನ ಕತ್ತು ಆ ಕಡೆ, ಬಿಳಿಕೆರೆ ಕಡೆಯಿಂದ ಬಂತಾ, ಪುಷ್ಪಾ ಇಳಿದಳಾ, ಕತ್ತು ತಿರುಗಿದರೆ ಮೈ ತಿರುಗುತ್ತದೆ, ಮೈ ತಿರುಗಿದರೆ ಮೋತಿ ನಿಲ್ಲುತ್ತದೆ, ನಿಂತರೆ ಮತ್ತೆ ಸಾಬರು, ಎಲ್ಲಿ ನೋಡ್ತೀಯೋ ಮದುಮಗ, ಹೆಣ್ಣು ಬಂದ್ರೆ ತಾನಾಗಿ ಬತ್ತಾಳೆ, ಮುಂದೆ ನೋಡು. ಮುಂದೆ ಏನಿದೆ, ಕಿವಿ ಇದೆ. ಮೂರ್ತಿ ಪುಷ್ಪಾಳ ಸೋದರತ್ತೆ ಮಗ, ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದವನು, ಹಕ್ಕಿನ ಗಂಡು, ಇವಳು ಹುಟ್ಟಿದಾಗ ತೊಟ್ಟಿಲ ಪಕ್ಕದಲ್ಲೇ ನಿಂತು ಇದು ನಮ್ಮ ಮೂರ್ತಿಗೆ ಅಂತ ಅವನ ಅವ್ವ ಹೇಳಿ ಹೋಗಿದ್ದಳಂತೆ, ಎಲ್ಲರೂ ಹೂಂ ಅಂದಿದ್ದರಂತೆ, ಆದರೆ ಕೊಡುವ ಹೊತ್ತು ಬಂದಾಗ ಇವಳಪ್ಪ ಮಹದೇವಪ್ಪನವರು ಕೇಳಿದ್ದು ಒಂದೇ ಮಾತು, ಬ್ಯಾರನ್ ಐತಾ. ಸೊಪ್ಪು ಒಣಗಿಸುವ ಬ್ಯಾರನ್ ಇರಲಿಲ್ಲ, ಬೆಳೆಯುವ ಲೈಸೆನ್ಸ್ ಇರಲಿಲ್ಲ, ಇದ್ದದ್ದು ಎಚ್.ಡಿ. ಕೋಟೆಯ ಹಿನ್ನೀರಿನ ಹತ್ತಿರ ಯಾವುದೋ ರೆಸಾರ್ಟಿನಲ್ಲಿ ಕುದುರೆ ಉಜ್ಜುವ ಕೆಲಸ, ಬಂದವರನ್ನು ಕೂರಿಸಿ ಒಂದು ಸುತ್ತು ಹಾಕಿಸುವ ಕೆಲಸ. ನಮ್ಮದು ಕಂಪಲಾಪುರ, ಅಪ್ಪ ನೀಲಕಂಠಸ್ವಾಮಿಯ ಹೆಸರಲ್ಲಿ ಲೈಸೆನ್ಸ್, ಮನೆ ಹಿಂದೆ ಬ್ಯಾರನ್. ಪುಷ್ಪಾ ನನಗೆ ಸಿಕ್ಕಿದ್ದು ಹಾಗೆ, ನನ್ನ ಮುಖ ನೋಡಿ ಅಲ್ಲ, ಹಾಸ್ಟೆಲ್ಲಿನಲ್ಲಿ ಕೂತು ನಾನು ಓದಿದ ಬಿ.ಎ. ನೋಡಿಯೂ ಅಲ್ಲ, ಆ ಬ್ಯಾರನ್ನಿನ ಹೊಗೆ ಕೊಳವೆ ನೋಡಿ. ಅದರಲ್ಲಿ ನನಗೆ ಅವಮಾನ ಏನಿಲ್ಲ, ಎಲ್ಲರಿಗೂ ಸಿಗುವುದು ಹಾಗೆಯೇ, ಏನೋ ಒಂದನ್ನು ನೋಡಿ, ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು, ಆ ವಿಡಿಯೋ ಒಂದು ಬರದೇ ಇದ್ದಿದ್ದರೆ.

ನಿಶ್ಚಿತಾರ್ಥದ ದಿನ, ವೀಳ್ಯ ಬದಲಾಯಿಸಿ ಆಗಿತ್ತು, ಉಂಗುರ ಹಾಕಿ ಆಗಿತ್ತು, ಊಟಕ್ಕೆ ಎಲೆ ಹಾಕಬೇಕು, ಅವಳ ತಂಗಿ ಹೇಮಶ್ರೀ ಫೋನು ಹಿಡಿದುಕೊಂಡು ಬಂದಳು, ಭಾವ ಇಲ್ನೋಡಿ, ನಮ್ ಮೂರ್ತಿ ಭಾವ ಹೆಂಗ್ ಓಡಿಸ್ತಾನೆ — ನಾನೂ ಭಾವ, ಅವನೂ ಭಾವ — ಹಿನ್ನೀರಿನ ಅಂಚಿನಲ್ಲಿ ಕಂದು ಕುದುರೆ, ನೀರು ಎರಚುತ್ತಿದೆ, ಮೇಲೆ ಅವನು, ಹಗ್ಗ ಇಲ್ಲ, ಹಿಡಿಯುವವರಿಲ್ಲ, ತೊಗಲಿಗೆ ತೊಗಲು ಅಂಟಿದ ಹಾಗೆ ಕೂತಿದ್ದಾನೆ, ಓಡಿಸಿಕೊಂಡು ಬಂದು ನಿಲ್ಲಿಸಿ, ಇಳಿದು, ಜೇಬಿನಿಂದ ಏನೋ ತೆಗೆದು ಅಂಗೈ ಮೇಲೆ ಇಟ್ಟು ಚಾಚುತ್ತಾನೆ, ನಾಲ್ಕು ಬೆರಳು ಒತ್ತಿ ಸೇರಿಸಿ, ಹೆಬ್ಬೆಟ್ಟು ಒಳಗೆ, ಅಂಗೈ ತಟ್ಟೆಯ ಹಾಗೆ ಚಪ್ಪಟೆ, ಕುದುರೆಯ ತುಟಿ ಬಂದು ಅದನ್ನು ಗುಡಿಸಿಕೊಂಡು ಹೋಗುತ್ತದೆ. ಪುಷ್ಪಾ ನನ್ನ ಪಕ್ಕದಲ್ಲೇ ಕೂತಿದ್ದಳು, ಬಗ್ಗಿ ನೋಡಿದಳು, ನಕ್ಕಳು, ಇನ್ನೊಂದ್ಸಲ ಹಾಕೇ ಅಂದಳು. ಇನ್ನೊಂದ್ಸಲ. ನನ್ನ ಉಂಗುರ ಹಾಕಿಕೊಂಡ ಬೆರಳಿನಲ್ಲೇ ಆ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ನನ್ನ ಬಾಯಿಂದ ಬಂತು, ಮದುವೆಗೆ ನಾನೂ ಕುದುರೆ ಮೇಲೇ ಬರ್ತೀನಿ, ಯಾರೂ ಹಗ್ಗ ಹಿಡಿಯೋಂಗಿಲ್ಲ. ಎಲ್ಲರೂ ನಕ್ಕರು, ಪುಷ್ಪಾ ನಗಲಿಲ್ಲ, ಸರಿ ಬನ್ನಿ ಅಂದಳು, ಅಷ್ಟೇ, ಆ ಸರಿ ಬನ್ನಿಯನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೆ, ಅದರ ಒಳಗೆ ಏನೂ ಸಿಗುವುದಿಲ್ಲ. ಅವ್ವ ಮನೆಗೆ ಬಂದ ಮೇಲೆ ಶುರು ಮಾಡಿದಳು, ನಿಂಗ್ಯಾಕ್ಲಾ ಮಗ ಕುದುರೆ ಉಸಾಬರಿ, ಕಾರಿಗೆ ಹೂವ ಸುತ್ಕೊಂಡು ಅಂಗೇ ಓಗಾದ್ ಬುಟ್ಟು, ಬಿದ್ದು ಸೊಂಟ ಮುರ್ಕೊಂಡ್ರೆ ಆ ಹೆಣ್ಣ ಯಾರ್ಲಾ ನೋಡ್ಕತಾರೆ. ಮೂರ್ತಿ ನೋಡ್ಕತಾನೆ ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ.

ಹಾಗೆ ಶುರುವಾಯಿತು ಇದು. ರಾತ್ರಿ ಬ್ಯಾರನ್ನಿನ ಬೆಂಕಿ ಕಾಯುವುದು, ಹೊಲದಿಂದ ಬಂದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು, ಬೆಳಗಾದರೆ ಅದೇ ಅಂಗಿಯಲ್ಲಿ ಬೈಕ್ ಹತ್ತಿ ಹುಣಸೂರು, ಅಂಗಿ ಜೇಬಿನಲ್ಲಿ ಬೆಲ್ಲದ ಅಚ್ಚಿನ ತುಂಡು. ಸಲೀಂ ಸಾಬರ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಜಟಕಾ ಹೊಡೆಯುತ್ತಿದ್ದವರು, ಆಟೋ ಬಂದ ಮೇಲೆ ಜಟಕಾ ಹೋಯಿತು, ಕುದುರೆ ಉಳಿಯಿತು, ಈಗ ಮದುವೆಗೆ ಹೋಗುತ್ತದೆ, ಅವರ ಕಡೆಯವರದ್ದಕ್ಕೂ ನಮ್ಮ ಕಡೆಯವರದ್ದಕ್ಕೂ, ಹಣೆಗೆ ಕುಚ್ಚು ಕಟ್ಟಿಕೊಂಡು. ಮೊದಲನೇ ದಿನವೇ ಸಾಬರು ಹೇಳಿದ್ದರು, ಇವ್ಳು ಓಡೋಳಲ್ಲ ಕಣಪ್ಪ, ಮೆರವಣಿಗೆಯೋಳು, ಬ್ಯಾಂಡು ಬಾರಿಸಿದ್ರೆ ನಡೀತಾಳೆ, ಫೋನ್ ಎತ್ತಿದ್ರೆ ನಿಂತ್ಕತಾಳೆ, ನಾನೇನ್ ಕಲಿಸ್ಲಿಲ್ಲ, ಫೋಟೋ ಹಿಡಿಯೋರೇ ಕಲಿಸಿರಾದು, ಅಂತ ಹೇಳಿ ಹೊಟ್ಟೆ ಅಲ್ಲಾಡಿಸಿ ನಕ್ಕಿದ್ದರು, ನಾನೂ ನಕ್ಕಿದ್ದೆ, ಕೇಳಿಸಿಕೊಂಡಿರಲಿಲ್ಲ, ಆ ಕಂದು ಕುದುರೆ ಎರಚುವ ನೀರು ಕಿವಿಯಲ್ಲಿ ತುಂಬಿತ್ತು. ಬೆಲ್ಲ ಕೊಡು, ದೋಸ್ತಿ ಮಾಡ್ಕೋ ಅಂದರು. ಕೊಟ್ಟೆ. ಬೆರಳು ಸೇರಿಸಿ, ಹೆಬ್ಬೆಟ್ಟು ಒಳಗಿಟ್ಟು, ಅವನು ಹಿಡಿದ ಹಾಗೆಯೇ. ಮೋತಿ ಮೂತಿ ತಂದಿತು, ಹೊಳ್ಳೆ ಅರಳಿಸಿತು, ಬಿಸಿ ಗಾಳಿ ಅಂಗೈಗೆ ಬಿತ್ತು, ಆಮೇಲೆ ಮೇಲ್ದುಟಿ ಮಡಚಿ ಹಳದಿ ಹಲ್ಲು ಅಷ್ಟೂ ತೋರಿಸಿ ಮುಖ ತಿರುಗಿಸಿಬಿಟ್ಟಿತು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ. ಅದೇ ಸಾಬರು ತಮ್ಮ ಲುಂಗಿಯ ಗಂಟಿನಿಂದ ಒಂದು ಚೂರು ತೆಗೆದರೆ ಗಬಕ್ಕನೆ ಹೋಗುತ್ತದೆ. ಏನ್ ಸೆಂಟು ಬಳ್ಕತೀಯಪ್ಪ ನೀನು, ಅವ್ಳಿಗೆ ಆಗ್ತಿಲ್ಲ, ಅಂದರು, ಸೆಂಟು ಬಿಟ್ಟೆ, ಎಣ್ಣೆ ಬಿಟ್ಟೆ, ಸೋಪು ಬದಲಾಯಿಸಿದೆ, ಮೋತಿ ಬದಲಾಗಲಿಲ್ಲ. ಕುದುರೆಗೆ ಮನುಷ್ಯ ಗೊತ್ತಾಗುತ್ತಾನೆ ಅಂತ ಎಲ್ಲೋ ಓದಿದ್ದೆ, ಹಾಸ್ಟೆಲ್ ಲೈಬ್ರರಿಯಲ್ಲಿ, ರಟ್ಟು ಕಿತ್ತ ಪುಸ್ತಕ, ಅದು ಸುಳ್ಳಾಗಿದ್ದರೆ ಸಾಕು. ಮೂರ್ತಿಯ ಕೈ ಬೇರೆ, ನನ್ನ ಕೈ ಬೇರೆ, ಅದು ಕುದುರೆಗೆ ಗೊತ್ತಿದೆ, ಹಾಗಿದ್ದರೆ ಪುಷ್ಪಾಳಿಗೆ ಗೊತ್ತಿರುವುದಿಲ್ಲವೇ — ಇದು ಹುಚ್ಚು ಯೋಚನೆ, ಹುಚ್ಚು ಅಂತ ಗೊತ್ತಿದೆ, ಗೊತ್ತಿದ್ದರೆ ನಿಲ್ಲುತ್ತದೆಯೇ. ಮೊನ್ನೆ ಫೋನಿನಲ್ಲಿ ಬಾ, ನೋಡು, ನಾನು ಕೂರೋದು ಕಲಿತೆ ಅಂದೆ, ಹುಣಸೂರಿನಲ್ಲಿ ಹೊಳೆ ದಂಡೆ ಗಲ್ಲಿ, ಅಲ್ಲೊಂದು ಮದುವೆ ಕುದುರೆ ಇದೆ ಅಂದೆ, ಇನ್ನೂ ದಾರಿ ಹೇಳುವುದರೊಳಗೆ ಗೊತ್ತು ಆ ಜಾಗ ಅಂದಳು. ಹೇಗೆ ಗೊತ್ತು. ಬಂದಾಗ ಹೇಳ್ತೀನಿ, ಒಂದು ವಿಷ್ಯ ಐತೆ ಅಂತ ನಕ್ಕಳು. ಆಷಾಢ, ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡುವ ಹಾಗಿಲ್ಲ, ಬ್ಲೌಸ್ ಹೊಲಿಯಕ್ಕೆ ಕೊಡಬೇಕು ಅಂತ ಮನೆಯಲ್ಲಿ ಹೇಳಿ ಬರ್ತೀನಿ ಅಂದಳು. ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆ ಅನ್ನಿಸಿತು, ನನಗೋಸ್ಕರ ಹೇಳುವ ಸುಳ್ಳು ಅಂತ ಆಮೇಲೆ ಅನ್ನಿಸಿತು, ಹಿಂದೆ ಯಾರಿಗೋಸ್ಕರ ಹೇಳಿದ್ದಳು ಅಂತ ಅದರ ಹಿಂದೆಯೇ ಅನ್ನಿಸಿತು.

ಹಗ್ಗ ಈ ಗೂಟಕ್ಕೆ ಹಾಕಿರ್ತೀನಿ, ನೀನು ಮೇಲೇ ಕೂತಿರು, ಅವ್ಳು ಅಲ್ಲಾಡಲ್ಲ, ಹೆಣ್ಣಿನ ಕಡೆಯೋರು ಬತ್ತಾರೆ ಅಂತೀಯ, ಮನೇಲಿ ಹಾಲಿಲ್ಲ, ಬಂದ್ಬುಡ್ತೀನಿ, ಅಂತ ಸಾಬರು ಗಲ್ಲಿ ಕಡೆ ಹೋದರು, ಹೋದ ಮೇಲೆಯೇ ಅವಳು ಹಿತ್ತಲ ಸಂದಿಯಿಂದ ಬಂದಳು, ಹಸಿರು ಚೂಡಿದಾರ, ಕೈಯಲ್ಲಿ ಬ್ಲೌಸ್ ಬಟ್ಟೆಯ ಕವರು, ದಾರಿ ಕೇಳದೆ, ಅತ್ತಿತ್ತ ನೋಡದೆ, ಮುಳ್ಳು ಬೇಲಿಯಲ್ಲಿ ಎಲ್ಲಿ ಸಂದಿ ಇದೆ ಅಂತ ಗೊತ್ತಿದ್ದವಳ ಹಾಗೆ. ಎಷ್ಟು ಬೆವ್ತಿದೀರಲ್ರೀ, ಕುದುರೆ ನಿಮ್ಮನ್ನ ಹೊತ್ತಿದ್ಯೋ ನೀವು ಕುದುರೆನ ಹೊತ್ತಿದೀರೋ. ಅಂದುಕೊಂಡದ್ದಕ್ಕಿಂತ ಚೆಂದ ಇದ್ದಾಳೆ, ಅದು ಇನ್ನೂ ಕಷ್ಟ. ನಾನು ಏನೋ ಅನ್ನಬೇಕು, ಬಸ್ಸು ಲೇಟಾ ಅಂದೆ. ಇಲ್ಲ, ಬೆಲ್ಲ ತಗೊಳ್ಳಕ್ಕೆ ಅಂಗ್ಡಿ ಹತ್ರ ನಿಂತೆ, ಅಂದವಳು ನನ್ನ ಕಾಲಿನ ಪಕ್ಕ ಹಾದು ಮೋತಿಯ ಮುಂದೆ ನಿಂತಳು, ಮೋತಿ, ಎಷ್ಟು ಮುದುಕಿ ಆಗ್ಬಿಟ್ಯೇ, ಅಂದಳು. ಹೆಸರು ನಾನು ಹೇಳಿರಲಿಲ್ಲ. ಹೇಳಿದ್ದೆನಾ, ಇಲ್ಲ, ಕುದುರೆ ಅಂತ ಮಾತ್ರ ಹೇಳಿದ್ದೆ. ಕಿವಿ ಎರಡೂ ಮುಂದಕ್ಕೆ ಹೋದವು, ಇಷ್ಟು ದಿನದಲ್ಲಿ ಎರಡೂ ಒಟ್ಟಿಗೆ ಮುಂದಕ್ಕೆ ಹೋದದ್ದು ನಾನು ನೋಡಿಲ್ಲ, ಅವುಗಳ ನಡುವೆ ಅವಳ ಮುಖ, ಕೆಳಗೆ ಅವಳ ಕೈ, ನಾಲ್ಕು ಬೆರಳು ಒತ್ತಿ ಸೇರಿಸಿ, ಹೆಬ್ಬೆಟ್ಟು ಒಳಗೆ, ಅಂಗೈ ತಟ್ಟೆಯ ಹಾಗೆ. ಮೋತಿಯ ತುಟಿ ಬಂತು, ಗುಡಿಸಿಕೊಂಡು ಹೋಯಿತು. ಅದರ ದವಡೆ ಅಗಿಯುವುದು ನನ್ನ ತೊಡೆಯ ಕೆಳಗಿನ ಜೀನಿನವರೆಗೆ ಗೊತ್ತಾಗುತ್ತಿತ್ತು. ಅದೇ ಅಂಗೈ, ವಿಡಿಯೋದಲ್ಲಿದ್ದದ್ದು, ಸುಮ್ಮನೆ ಯಾರೂ ಹಾಗೆ ಹಿಡಿಯುವುದಿಲ್ಲ, ಮೊದಲ ಸಲ ಕೊಡುವವರು ಬೆರಳು ಮುದುರುತ್ತಾರೆ, ಹೆದರಿ ಎಳೆದುಕೊಳ್ಳುತ್ತಾರೆ, ಯಾರೋ ಪಕ್ಕದಲ್ಲಿ ನಿಂತು ಬೆರಳನ್ನು ಒಂದೊಂದಾಗಿ ಹಿಡಿದು ಸೇರಿಸಿ ಹೀಗೆ ಅಂತ ತೋರಿಸಿರಬೇಕು, ಯಾರು, ಯಾರ ಬೆರಳು. ವಿಷ್ಯ ಐತೆ ಅಂದಿದ್ದಳಲ್ಲ, ಅದೇ, ಈಗ ಹೇಳುತ್ತಾಳೆ, ಬಾಯಿ ತೆಗೆಯುತ್ತಿದ್ದಾಳೆ, ರೀ, ನಾನು ಹೇಳ್ತೀನಿ ಅಂದಿದ್ನಲ್ಲ — ಆಮೇಲೆ ಹೇಳು ಅಂದೆ. ಮೊದಲು ನನ್ನ ವಿಡಿಯೋ ಮಾಡು.

ವಿಡಿಯೋ ಬೇಡ ರೀ, ಹಂಗೇ ನೋಡ್ತೀನಿ. ಯಾಕೆ ಬೇಡ. ಮೋತಿಗೆ ಫೋನ್ ಎತ್ತಿದ್ರೆ ಆಗಲ್ಲ. ನಿನಗೇನು ಗೊತ್ತು ಮೋತಿ ವಿಷ್ಯ. ಗೊತ್ತು, ಅದನ್ನೇ ಹೇಳಕ್ಕೆ ಬಂದೆ. ಒಂದೊಂದು ಮಾತಿಗೂ ಎದೆಯೊಳಗೆ ಬ್ಯಾರನ್ನಿಗೆ ಸೌದೆ ತುರುಕಿದ ಹಾಗೆ, ಅವನ ವಿಡಿಯೋ ಇನ್ನೊಂದ್ಸಲ, ನನ್ನದು ಒಂದ್ಸಲವೂ ಬೇಡ, ಫೋನಿನಲ್ಲಿ ಅವನದ್ದರ ಪಕ್ಕ ನನ್ನದು ಇರಕೂಡದು, ಹೋಲಿಸಿ ನೋಡಬೇಕಾಗುತ್ತದೆ ಅಂತ ತಾನೆ. ಬಗ್ಗಿ ಮೋತಿಯ ಪಟ್ಟಿಯಿಂದ ಹಗ್ಗದ ಕೊಂಡಿ ಬಿಚ್ಚಿದೆ, ಬೀಳುವಷ್ಟು ಬಗ್ಗಬೇಕಾಯಿತು, ಅವಳು ರೀ ಬೇಡ, ಅವ್ರು ಬರ್ಲಿ ಅಂದಳು, ಅವ್ರು ಯಾರು, ಸಾಬರು ಅಂತ ಆಮೇಲೆ ಹೊಳೆಯಿತು. ಹಿಮ್ಮಡಿಯಿಂದ ಪಕ್ಕೆಗೆ ತಿವಿದೆ. ಮೋತಿ ನಡೆಯಿತು. ಮತ್ತೆ ತಿವಿದೆ, ಜೋರಾಗಿ, ಬಾಯಿಂದ ಚ್ಚ ಚ್ಚ ಅಂದೆ, ಮೋತಿಯ ಬೆನ್ನು ಕೆಳಗಿನಿಂದ ಎದ್ದು ಬಂತು, ನಡಿಗೆ ಒಡೆದು ಕುಕ್ಕಲು ಓಟವಾಯಿತು, ಹಲ್ಲಿಗೆ ಹಲ್ಲು ಬಡಿಯಿತು, ಆದರೂ ಓಟ, ಹಗ್ಗ ಇಲ್ಲ, ಯಾರೂ ಹಿಡಿದಿಲ್ಲ, ದಂಡೆ ತಿರುವಿನಲ್ಲಿ ನೀರು, ನೀರಿನ ಪಕ್ಕ ನಾನು, ಬಿಳಿ ಕುದುರೆ, ಅವನದ್ದು ಕಂದು ನನ್ನದು ಬಿಳಿ, ಅಲ್ಲಿಂದ ತಿರುಗಿಸಿಕೊಂಡು ಅವಳ ಕಡೆಗೆ ನೇರ, ಹಿಡಿ ಫೋನು, ಎತ್ತು, ಎತ್ತು ಅಂತೀನಲ್ಲ, ಅಂತ ಅರಚಿದೆ, ನನ್ನ ದನಿ ನನಗೇ ಬೇರೆಯವರದ್ದಾಗಿ ಕೇಳಿಸಿತು, ಅವಳ ಮುಖದಲ್ಲಿ ಏನೋ ಬದಲಾಯಿತು, ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡು ಕೈಯಲ್ಲೂ ಫೋನು ಎತ್ತಿದಳು. ಮೋತಿ ನಿಂತಿತು. ಎಷ್ಟು ಮದುವೆಯಲ್ಲಿ ನಿಂತಿದೆಯೋ ಹಾಗೆ, ನಾಲ್ಕು ಕಾಲೂ ನೆಲಕ್ಕೆ ಊರಿ, ಕುತ್ತಿಗೆ ಬಳುಕಿಸಿ, ಫೋಟೋಗೆ. ನಾನು ನಿಲ್ಲಲಿಲ್ಲ. ಕಿವಿಗಳು ಕೆಳಗೆ ಹೋದವು, ಆಕಾಶ ಒಂದು ಸಲ, ಹುಲ್ಲು ಒಂದು ಸಲ, ಆಮೇಲೆ ಬಾಯಿಗೆ ಕಲ್ಲು. ಬಾಯಲ್ಲಿ ಬೆಚ್ಚಗೆ ಉಪ್ಪು. ಕಣ್ಣು ಬಿಟ್ಟರೆ ಅವಳು ಓಡಿ ಬರುತ್ತಿದ್ದಾಳೆ, ಹಸಿರು, ಬರುತ್ತಿದ್ದಾಳೆ, ಬಂದಳು — ನನ್ನನ್ನು ದಾಟಿ ಹೋದಳು. ಮೋತಿ ಬೆದರಿ ಗಲ್ಲಿಯ ಕಡೆ ತಿರುಗಿತ್ತು, ಅದರ ಲಗಾಮು ಹಿಡಿದಳು, ಕುತ್ತಿಗೆ ತಟ್ಟಿದಳು, ಹೋ ಹೋ ಮೋತಿ, ಏನಿಲ್ಲ, ಏನಿಲ್ಲ ಕಣೇ, ರಸ್ತೆಯಲ್ಲಿ ಆಗಲೇ ಬಸ್ಸಿನ ಹಾರ್ನು ಕೇಳಿತು, ಅದೂ ಕೇಳಿತು ನನಗೆ, ಕುದುರೆ ರಸ್ತೆಗೆ ಹೋದರೆ ಏನಾಗುತ್ತದೆ ಅಂತ ಅರ್ಥವೂ ಆಯಿತು, ಎಲ್ಲ ಅರ್ಥವಾದ ಮೇಲೇ ನಾನು ಮಾತಾಡಿದ್ದು. ಅವಳು ಮೋತಿಯನ್ನು ಗೂಟಕ್ಕೆ ಕಟ್ಟಿ ಬಂದು ಕೂತು ಬಾಯಿ ತೋರ್ಸಿ ಅಂತ ವೇಲಿನ ತುದಿ ಹಿಡಿದಳು. ನಾನು ಕೈ ತಳ್ಳಿದೆ. ಮೊದಲು ಕುದುರೆ, ಆಮೇಲೆ ನಾನು, ಅಂದೆ. ರಸ್ತೆಗೆ ಹೋಗ್ತಿತ್ತು ರೀ. ಮೂರ್ತಿ ಬಿದ್ದಿದ್ರೂ ಹಿಂಗೇ ಮಾಡ್ತಿದ್ಯಾ. ಮೂರ್ತಿ ಎಲ್ಲಿಂದ ಬಂದ ಇಲ್ಲಿಗೆ. ನೀನೇ ಕರ್ಕೊಂಡು ಬಂದಿದ್ದು, ಎಷ್ಟು ಸಲ ಬಂದಿದ್ದೆ ಅವನ ಜೊತೆ ಇಲ್ಲಿಗೆ, ಬೇಲಿ ಸಂದಿ ಗೊತ್ತು, ಹೆಸರು ಗೊತ್ತು, ಅಂಗೈ ಹಂಗೆ ಹಿಡಿಯೋದು ಅವನೇ ತಾನೆ ಕಲ್ಸಿದ್ದು. ಅಷ್ಟಕ್ಕೆ ಬಿಡಬಹುದಿತ್ತು. ಇನ್ನೇನೇನು ಕಲ್ಸಿದ ಅಂದೆ.

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಗೆದ್ದುಬಿಡುತ್ತಿದ್ದೆ. ವೇಲನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡಳು, ಕವರಿನ ಮಣ್ಣು ಕೊಡವಿದಳು, ಆಮೇಲೆ ನನ್ನನ್ನೇ ನೋಡಿಕೊಂಡು ಹೇಳಿದಳು, ಮೂರ್ತಿನೇ ಮದ್ವೆ ಆಗ್ಬೇಕು ಅಂತ ನಂಗಿತ್ತು, ಅಪ್ಪ ಕೊಡಲ್ಲ ಅಂದ್ರು, ಒಂದಷ್ಟು ದಿನ ಊಟ ಬಿಟ್ಟೆ, ಆಮೇಲೆ ಮಾಡಿದೆ, ನೀವು ನೋಡಕ್ಕೆ ಬಂದ್ರಿ, ನೀವು ಮಾತಾಡಿದ್ದು ಹಿಡಿಸ್ತು, ಒಪ್ಕೊಂಡೆ, ಎರಡೂ ನಿಜ, ಒಂದು ನಿಜ ಇದ್ರೆ ಇನ್ನೊಂದು ಸುಳ್ಳಾಗ್ಬೇಕು ಅಂತ ಏನಿಲ್ಲ. ಮತ್ತೆ ಈ ಕುದುರೆ ಅಂದೆ, ರಕ್ತ ಗದ್ದಕ್ಕೆ ಇಳಿಯುತ್ತಿತ್ತು. ಅದನ್ನ ಆಗ್ಲೇ ಹೇಳಕ್ಕೆ ಬಂದೆ, ಆಮೇಲೆ ಹೇಳು ಅಂದ್ರಿ, ಈಗ ಹೇಳಲ್ಲ, ಹೇಳಿದ್ರೆ ನಾಳೆ ಇನ್ನೊಂದಕ್ಕೆ ಹೇಳ್ಬೇಕು, ನಾಡಿದ್ದು ಮತ್ತೊಂದಕ್ಕೆ, ಇರೋಗಂಟ ಹೇಳ್ಕೊಂಡೇ ಇರ್ಬೇಕು, ನನ್ ಕೈಲಿ ಆಗಲ್ಲ. ಬೆರಳಿನಿಂದ ಉಂಗುರ ತಿರುಗಿಸಿ ತಿರುಗಿಸಿ ತೆಗೆದಳು, ಬಿಗಿಯಾಗಿತ್ತು, ಬರುತ್ತಿರಲಿಲ್ಲ, ಬರದೇ ಇರಲಿ ಅಂತ ನೋಡುತ್ತಾ ಕೂತಿದ್ದೆ, ಬಂತು. ಚಾಚಿದಳು. ನಾಲ್ಕು ಬೆರಳು ಒತ್ತಿ ಸೇರಿಸಿ, ಹೆಬ್ಬೆಟ್ಟು ಒಳಗೆ, ಅಂಗೈ ತಟ್ಟೆಯ ಹಾಗೆ ಚಪ್ಪಟೆ, ಅದರ ಮೇಲೆ ಉಂಗುರ, ಕಚ್ಚುವ ಪ್ರಾಣಿಗೆ ಕೊಡುವವರು ಹಿಡಿಯುವ ಹಾಗೆ, ಬೆರಳು ಉಳಿಸಿಕೊಂಡು. ತಗೊಳ್ಳಿ ಅಂದಳು. ತಗೊಂಡೆ. ಬೇಲಿ ಸಂದಿಯಲ್ಲಿ ಹಸಿರು ಹೋಯಿತು, ಕೊಂಚ ಹೊತ್ತಿಗೆ ಮೈಸೂರು ಕಡೆಯ ಬಸ್ಸಿನ ಹಾರ್ನು, ಅದು ಬಿಳಿಕೆರೆಯಲ್ಲಿ ನಿಲ್ಲುತ್ತದೆ. ಸಾಬರು ಹಾಲಿನ ಪ್ಯಾಕೆಟ್ಟು ಹಿಡಿದು ಬಂದರು, ಅರೆ, ಏನಪ್ಪ ಇದು ಅವತಾರ, ಹೇಳಿದ್ನಲ್ಲ ಮೇಲೇ ಕೂತಿರು ಅಂತ, ಬಾಯಿ ತೆಗಿ, ಹೋಯ್ತು, ಮುಂದಿನ್ ಹಲ್ಲೇ ಹೋಗೈತೆ, ಮದ್ವೆ ಫೋಟೋಗೆ ಬಾಯ್ಮುಚ್ಕೊಂಡ್ ನಗು ಇನ್ಮೇಲೆ. ಆಮೇಲೆ ಗಲ್ಲಿ ಕಡೆ ತಿರುಗಿ, ಈಗ ಎದುರ್ಗೆ ಹೋಯ್ತಲ್ಲ, ಪುಷ್ಪಾ ಅಲ್ವಾ ಅದು, ಬಿಳಿಕೆರೆದು, ತಲೆ ಎತ್ತದೆ ಹೋಯ್ತು, ನನ್ ಮಗಳು ಶಹನಾಜ್ ಕೂಡೆ ಕಾಲೇಜಿಗೆ ಬತ್ತಿತ್ತು ಕಣಪ್ಪ, ಸಂಜೆ ಬಸ್ ಬರೋಗಂಟ ಇಲ್ಲೇ, ಇಬ್ರೂ ಬೆಲ್ಲ ತಿನ್ಸಿ ತಿನ್ಸಿ ನನ್ ಮೋತಿ ಹೊಟ್ಟೆ ಕೆಡಿಸಾಕಿದ್ರು, ಅಂಗೈ ಹಂಗೆ ಹಿಡಿಯೋದು ನಾನೇ ಹೇಳ್ಕೊಟ್ಟಿದ್ದು, ಎಲ್ಲಿ ಬೆರಳು ಕಚ್ಚಿಸ್ಕಂತಾವೋ ಅಂತ. ಅದೇನಾ ನಿನ್ ಹೆಣ್ಣು ಅಂದರು. ಅವರಿಗೆ ನನ್ನ ಕೈಯ ಉಂಗುರ ಕಾಣಿಸಿತು, ಚಾ ಇಡ್ತೀನಿ ಅಂತ ಒಳಗೆ ಹೋದರು.

ಬಾಯಿಯ ಉಪ್ಪು ಹೋಗಲಿ ಅಂತ ಜೇಬಿನ ಬೆಲ್ಲ ತೆಗೆದು ಚೂರು ಕಚ್ಚುತ್ತೇನೆ, ಹಲ್ಲಿಲ್ಲದ ಜಾಗದಲ್ಲಿ ಸಿಗುವುದಿಲ್ಲ, ಪಕ್ಕದಲ್ಲಿ ಕಚ್ಚುತ್ತೇನೆ, ಕಹಿ. ರಕ್ತದ ಕಹಿ ಅಲ್ಲ, ರಕ್ತ ಕಹಿ ಇರುವುದಿಲ್ಲ, ಈ ಕಹಿ ನನಗೆ ಗೊತ್ತು, ಹಸಿ ಸೊಪ್ಪಿನ ಅಂಟು, ನಾಲಿಗೆಯ ಬುಡಕ್ಕೆ ಹೋಗಿ ಕೂತುಕೊಳ್ಳುತ್ತದೆ, ಸೊಪ್ಪು ಕಟ್ಟುವ ಕಾಲದಲ್ಲಿ ನಮ್ಮ ಮನೆಯಲ್ಲಿ ಅನ್ನವೂ ಹೀಗೇ, ಮಜ್ಜಿಗೆಯೂ ಹೀಗೇ, ಎಲ್ಲವೂ ಹೀಗಿದ್ದರೆ ಯಾವುದು ಹೀಗಿದೆ ಅಂತ ಗೊತ್ತಾಗುವುದಿಲ್ಲ. ಅಂಗೈ ಬಿಡಿಸಿ ನೋಡುತ್ತೇನೆ, ಗೆರೆ ಗೆರೆಯಲ್ಲೂ ಕಪ್ಪು, ಅಂಗಿಯ ಜೇಬಿನ ಬಾಯಿಯೂ ಕಪ್ಪು, ಮಣ್ಣು ಹಾಕಿ ಉಜ್ಜಿದರೂ ಹೋಗದ್ದು. ಕುದುರೆಗೆ ಬೇಡವಾಗಿದ್ದದ್ದು ಇಷ್ಟೇ. ನನ್ನ ಬಗ್ಗೆ ಅದಕ್ಕೆ ಏನೂ ಗೊತ್ತಿರಲಿಲ್ಲ, ಮೂರ್ತಿಯ ಬಗ್ಗೆಯೂ ಗೊತ್ತಿರಲಿಲ್ಲ. ಮೋತಿ ಗೂಟದ ಹತ್ತಿರ ನಿಂತು ಹುಲ್ಲು ಎಳೆಯುತ್ತಿದೆ, ಜೀನು ಒಂದು ಕಡೆ ವಾಲಿದೆ, ಕಾಲಿಡುವ ರಿಕಾಬು ತೂಗುತ್ತಿದೆ, ಸಾಬರ ಸ್ಟೌವಿನ ಸದ್ದು, ಹೊಳೆಯ ಸದ್ದು, ಅವ್ವನಿಗೆ ಏನಂತ ಹೇಳುವುದು, ಬಿದ್ದೆ ಅಂತ, ಮಹದೇವಪ್ಪನವರ ಫೋನು ಸಂಜೆಯೊಳಗೆ ಬರುತ್ತದೆ, ಅಪ್ಪ ಎತ್ತುತ್ತಾನೆ, ಸೊಪ್ಪು ಇಳಿಸಬೇಕು ಇವತ್ತು, ಬ್ಯಾರನ್ನು ಹಾಗೇ ಇದೆ, ಲೈಸೆನ್ಸ್ ಹಾಗೇ ಇದೆ, ಉಂಗುರ ಕೈಯಲ್ಲಿದೆ, ನಾಲ್ಕು ಬೆರಳು ಒತ್ತಿ ಸೇರಿಸಿ, ಹೆಬ್ಬೆಟ್ಟು ಒಳಗೆ, ಅಂಗೈ ತಟ್ಟೆಯ ಹಾಗೆ, ಅದರ ಮೇಲೆ — ತಗೊಳ್ಳಿ — ನಾಲ್ಕು ಬೆರಳು ಸೇರಿಸಿ, ಹೆಬ್ಬೆಟ್ಟು ಒಳಗೆ, ಅಂಗೈ — ಹೋದದ್ದು ಮುಂದಿನ ಒಂದು ಹಲ್ಲು, ಮತ್ತೆ ಪುಷ್ಪಾ. ಎರಡು.